ಅಮೆರಿಕದ ಬಾಣಂತನಕ್ಕೆ ಹೊರಡುವ ಮುನ್ನ

ನಂಜನಗೂಡಿನ ನಮ್ಮ ಖಾಲಾ ಮಗಳ ಬಾಣಂತನಕ್ಕೆಂದು ಅಮೆರಿಕದ ಟೆಕ್ಸಾಸ್ ರಾಜ್ಯಕ್ಕೆ ಹೊರಟಾಗ ಮೊದಲು ಕಟ್ಟಿಟ್ಟ ಗಂಟಿನಲ್ಲಿ ಏನೇನಿತ್ತು ಗೊತ್ತೇ? ಒಂದು ಚಿಪ್ಪು ರಸಬಾಳೆ, ಕುರ್ಮಾಕ್ಕೆ ಗಸಗಸೆ, ಮಗುವಿನ ಕಣ್ಣಿಗೆ ಸುರ್ಮಾ, ನಾಲಿಗೆಗೆ ಜೇನುತುಪ್ಪ, ಹೊಗೆ ಹಾಕಲು ಸಾಂಬ್ರಾಣಿ. ಹನ್ನೆರಡು ವರ್ಷದಿಂದ ನುಂಗುತ್ತಿರುವ ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಹದಿನೈದು ದಿನಕ್ಕಾಗುವಷ್ಟೇ ಇತ್ತು. ಕೇಳಿದರೆ, ‘ಅಲ್ಲಿ ಸಿಗಲ್ವಾ ಬೇಟಾ? ಅಮೆರಿಕ ಅಲ್ವಾ!’ ಎಂದರು.

ನಂಜನಗೂಡು, ತಿ. ನರಸೀಪುರದಂಥ ಊರುಗಳಿಂದಲೂ ಮಕ್ಕಳು ಇಂದು ಹ್ಯೂಸ್ಟನ್, ಡಲ್ಲಾಸ್‌ಗಳಲ್ಲಿ ಕೆಲಸಕ್ಕಿದ್ದಾರೆ. ತಾಯಂದಿರು ಐದಾರು ತಿಂಗಳು ಹೋಗಿ ಬರುತ್ತಾರೆ. ವೀಸಾ, ಟಿಕೆಟ್‌ಗೆ ಕೊಡುವಷ್ಟು ಗಮನವನ್ನು ಆರೋಗ್ಯಕ್ಕೆ ಕೊಡುವುದಿಲ್ಲ. ಖಾಲಾ ಅವರ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ ಬಗೆಯನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಮಾತ್ರೆ

ಅಮೆರಿಕದಲ್ಲಿ ನಮ್ಮ ವೈದ್ಯರ ಚೀಟಿ ತೋರಿಸಿದರೆ ಔಷಧ ಕೊಡುವುದಿಲ್ಲ. ಅಲ್ಲಿನ ವೈದ್ಯರೇ ಬರೆಯಬೇಕು. ಆ್ಯಂಟಿಬಯೋಟಿಕ್ ಮಾತ್ರೆಯಂತೂ ಚೀಟಿಯಿಲ್ಲದೆ ಸಿಗದು. ಸ್ವಂತ ಬಳಕೆಗೆ ಸುಮಾರು 90 ದಿನಗಳ ಔಷಧ ಒಯ್ಯಬಹುದು. ಅದಕ್ಕಿಂತ ಹೆಚ್ಚು ದಿನ ಇರುವುದಾದರೆ ಮುಂದಿನ ಔಷಧಕ್ಕೆ ಏನು ಮಾಡಬೇಕೆಂದು ಮಗಳ ಮನೆಯವರು ಅಲ್ಲಿನ ವೈದ್ಯರಲ್ಲಿ ಮೊದಲೇ ವಿಚಾರಿಸಿಡಲಿ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ, ಕಂಪನಿಯ ಪೊಟ್ಟಣದಲ್ಲೇ ಇರಲಿ. ಜೊತೆಗೆ ಔಷಧದ ಮೂಲ ಹೆಸರು ಬರೆದ ಚೀಟಿ ಬೇಕು, ಏಕೆಂದರೆ ನಮ್ಮ ಬ್ರಾಂಡ್ ಹೆಸರುಗಳು ಅಲ್ಲಿನವರಿಗೆ ತಿಳಿಯವು. ಕೆಲವು ಮೂಲ ಹೆಸರುಗಳೂ ಬೇರೆ: ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸೆಟಮಿನೋಫೆನ್, ಉಬ್ಬಸದ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್.

ಎಲ್ಲ ಔಷಧವೂ ಕೈಚೀಲದಲ್ಲಿರಲಿ. ಇನ್ಸುಲಿನ್ ಅನ್ನು ಸಾಮಾನಿನ ಪೆಟ್ಟಿಗೆಗೆ ಹಾಕಿದರೆ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಟೆಕ್ಸಾಸ್‌ನ ಹೆಚ್ಚಿನ ಭಾಗ ಬೇಸಿಗೆಯಲ್ಲಿ ನಮಗಿಂತ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಹಿಂದಿದೆ. ಹೋಗುವ ದಿನ ಅಷ್ಟು ಉದ್ದವಾಗುವುದರಿಂದ ಇನ್ಸುಲಿನ್ ಯಾವಾಗ, ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಹೊರಡುವ ಎರಡು ತಿಂಗಳ ಮೊದಲೇ ಸಕ್ಕರೆ, ರಕ್ತದೊತ್ತಡ, ಹೃದಯ, ಕಣ್ಣು, ಹಲ್ಲು ಎಲ್ಲವನ್ನೂ ತೋರಿಸಿಕೊಳ್ಳಿ. ನಂಜನಗೂಡು ಹಲ್ಲುಪುಡಿಯ ಊರಿನವರೆಂದು ಹಲ್ಲನ್ನು ಕಡೆಗಣಿಸಬೇಡಿ. ಅಲ್ಲಿ ಹಲ್ಲಿನ ಚಿಕಿತ್ಸೆ ಬಲು ದುಬಾರಿ, ಸಾಮಾನ್ಯ ವಿಮೆಯಲ್ಲಿ ಹೆಚ್ಚಾಗಿ ಸೇರಿರುವುದಿಲ್ಲ.

ವಿಮೆಯಲ್ಲಿ ಸುಳ್ಳು ಬೇಡ

ವಿಮೆ ಅರ್ಜಿ ತುಂಬುವಾಗ ಒಬ್ಬರು ಖಾಲಾಗೆ ‘ಶುಗರ್ ಇದೆ ಅಂತ ಬರೀಬೇಡಿ, ಕಂತು ಜಾಸ್ತಿಯಾಗುತ್ತೆ’ ಎಂದು ಹೇಳಿಕೊಟ್ಟಿದ್ದರು. ಖಾಲಾ ಒಪ್ಪಲಿಲ್ಲ. ‘ಹಜ್ಜಿಗೆ ಹೋಗುವಾಗ ಹೇಳದ ಸುಳ್ಳನ್ನು ಮೊಮ್ಮಗುವಿಗೋಸ್ಕರ ಹೇಳಲಾ?’ ಎಂದರು. ಅವರ ಹಟವೇ ಸರಿ. ಮುಚ್ಚಿಟ್ಟ ಕಾಯಿಲೆ ಆಸ್ಪತ್ರೆಯ ದಾಖಲೆಯಲ್ಲಿ ಹೊರಬಿದ್ದರೆ ಹಣ ಕೊಡಲು ವಿಮೆಯವರು ನಿರಾಕರಿಸಬಹುದು. ಅಮೆರಿಕದಲ್ಲಿ ಒಂದೆರಡು ರಾತ್ರಿ ಆಸ್ಪತ್ರೆಯಲ್ಲಿದ್ದರೂ ಬಿಲ್ಲು ಸಾವಿರಾರು ಡಾಲರ್ ಆಗುತ್ತದೆ. ಜೀವಕ್ಕೆ ಅಪಾಯವಿದ್ದಾಗ ತುರ್ತು ವಿಭಾಗದಲ್ಲಿ ನೋಡಲೇಬೇಕೆಂಬ ಕಾನೂನು 1986ರಿಂದ ಇದೆ, ಆದರೆ ಬಿಲ್ಲು ತಪ್ಪದು. ಮೊದಲಿನಿಂದ ಇರುವ ಕಾಯಿಲೆ ದಿಢೀರನೆ ಉಲ್ಬಣಿಸಿದರೆ ಪಾಲಿಸಿ ಎಷ್ಟು ಕೊಡುತ್ತದೆ ಎಂಬ ಸಾಲನ್ನು ಓದಿಯೇ ಸಹಿ ಹಾಕಿ.

ವಿಮಾನದಲ್ಲಿ

ದುಬೈ ಅಥವಾ ದೋಹಾದಿಂದ ಹ್ಯೂಸ್ಟನ್‌ಗೆ ಒಂದೇ ಹಾರಾಟ 16 ಗಂಟೆಯಷ್ಟು. ಅಷ್ಟು ಹೊತ್ತು ಕೂತಲ್ಲೇ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಒಂದೆರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ನೀರು ಕುಡಿಯಿರಿ. ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಬಿಡುವ ತಾಯಂದಿರೇ ಹೆಚ್ಚು. ಒಂದು ಖಾಲಿ ಬಾಟಲಿ ಜೊತೆಗಿದ್ದರೆ ಆ ಮುಜುಗರವಿಲ್ಲ. ಅಮೆರಿಕದ ಬಹುಪಾಲು ಶೌಚಾಲಯಗಳಲ್ಲೂ ಕಾಗದ ಮಾತ್ರ, ನೀರಿರುವುದಿಲ್ಲ. ಮನೆಯಿಂದ ಹೊರಗೆ ಹೋದಾಗಲೂ ಆ ಬಾಟಲಿಯೇ ತಂಬಿಗೆ.

ಗಲ್ಫ್ ವಿಮಾನಗಳ ಊಟ ಹಲಾಲ್ ಆಗಿರುವುದರಿಂದ ಸಕ್ಕರೆ ಕಾಯಿಲೆಯವರು ಟಿಕೆಟ್ ಮಾಡಿಸುವಾಗಲೇ ‘ಡಯಾಬಿಟಿಕ್ ಊಟ’ ಹೇಳಿಡಬಹುದು. ವುಝೂಗೆ ವಿಮಾನದ ಪುಟ್ಟ ಬೇಸಿನ್‌ಗೆ ಕಾಲೆತ್ತಿ ಜಾರಿ ಬೀಳುವ ಬದಲು, ಮನೆಯಲ್ಲೇ ವುಝೂ ಮಾಡಿ ಚರ್ಮದ ಕಾಲುಚೀಲ ಧರಿಸಿದರೆ ಪ್ರಯಾಣಿಕರಿಗೆ ಮೂರು ದಿನಗಳವರೆಗೆ ಮಸಹ್ ಮಾಡುವ ರಿಯಾಯಿತಿ ಇದೆ. ಆದರೆ ಸಕ್ಕರೆ ಕಾಯಿಲೆಯವರು ತಲುಪಿದೊಡನೆ ಬಿಚ್ಚಿ, ಪಾದದಲ್ಲಿ ಬೊಬ್ಬೆ, ಗಾಯ ಇದೆಯೇ ನೋಡಿ, ತೊಳೆದು ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿಕೊಳ್ಳಬೇಕು.

ಗಂಟಿನಿಂದ ತೆಗೆದವು

ರಸಬಾಳೆಗೆ ಭೌಗೋಳಿಕ ಗುರುತಿನ ಹಿರಿಮೆ ಇದ್ದರೂ ಹಸಿ ಹಣ್ಣನ್ನು ಅಮೆರಿಕಕ್ಕೆ ಒಯ್ಯುವಂತಿಲ್ಲ. ಮಾಂಸದ ಉಪ್ಪಿನಕಾಯಿಯೂ ಅಷ್ಟೆ. ತಂದ ತಿಂಡಿಯನ್ನು ಘೋಷಿಸದಿದ್ದರೆ ದಂಡ ಬೀಳಬಹುದು. ಗಸಗಸೆಯಂತೂ ಮನೆಯಲ್ಲೇ ಉಳಿಯಲಿ: ಯುಎಇ, ಕತಾರ್‌ಗಳಲ್ಲಿ ಅದು ನಿಷಿದ್ಧ, ವಿಮಾನ ಬದಲಿಸುವಾಗ ಸಿಕ್ಕರೆ ಜೈಲಿನ ಭಯವಿದೆ.

ಸುರ್ಮಾ ತೆಗೆಸುವಾಗ ಖಾಲಾ ಮುಖ ಸಪ್ಪಗಾಯಿತು. ಆದರೆ ಅನೇಕ ಸುರ್ಮಾಗಳಲ್ಲಿ ಸೀಸದ ಅಂಶ ಇರುತ್ತದೆ. ಸೀಸ ಮಗುವಿನ ದೇಹ ಸೇರಿದರೆ ಮಿದುಳಿನ ಬೆಳವಣಿಗೆಗೇ ಪೆಟ್ಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಒಪ್ಪುವುದಿಲ್ಲ. ಅಲ್ಲಿ ಮಾತ್ರವಲ್ಲ, ನಂಜನಗೂಡಿನಲ್ಲೂ ಹಸುಳೆಯ ಕಣ್ಣಿಗೆ ಅದು ಬೇಡ. ಜೇನುತುಪ್ಪವೂ ಒಂದು ವರ್ಷ ತುಂಬುವ ತನಕ ಬೇಡ, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಹಸುಳೆಯನ್ನು ಉಸಿರಾಡಲಾಗದ ಸ್ಥಿತಿಗೆ ತಳ್ಳಬಲ್ಲುದು. ತಹ್ನೀಕ್‌ಗೆ ಮಕ್ಕಳ ವೈದ್ಯರನ್ನು ಕೇಳಿ, ಸೋಪಿನಿಂದ ತೊಳೆದ ಬೆರಳಲ್ಲಿ ಮೆತ್ತಗೆ ಮಾಡಿದ ಖರ್ಜೂರದ ಲೇಪ ತುಸುವೇ ಸವರಿದರೆ ಸಾಕು. ಸಾಂಬ್ರಾಣಿ ಹೊಗೆ ಹಸುಳೆಯ ಎದೆಗೆ ಒಳ್ಳೆಯದಲ್ಲ. ಅಲ್ಲಿನ ಮನೆಗಳ ಚಾವಣಿಯಲ್ಲಿ ಹೊಗೆ ಪತ್ತೆಯ ಗಂಟೆ ಬೇರೆ ಇರುತ್ತದೆ.

ಇವುಗಳ ಬದಲು ನಾನಿ ಮಗುವಿಗೆ ಕೊಡಬಹುದಾದ ದೊಡ್ಡ ಉಡುಗೊರೆ ಒಂದು ಚುಚ್ಚುಮದ್ದು. ದೊಡ್ಡವರಲ್ಲಿ ಬರೀ ಕೆಮ್ಮಾಗಿರುವ ನಾಯಿಕೆಮ್ಮು ಎಳೆಗೂಸಿನ ಪ್ರಾಣ ತೆಗೆಯಬಲ್ಲುದು. ಅದನ್ನು ತಡೆಯುವ ಟಿಡ್ಯಾಪ್ ಲಸಿಕೆಯನ್ನು ಮಗುವನ್ನು ಮುಟ್ಟುವ ಕನಿಷ್ಠ ಎರಡು ವಾರ ಮೊದಲು ಹಾಕಿಸಿಕೊಳ್ಳಬೇಕು. ನಮ್ಮಲ್ಲೂ ಸಿಗುತ್ತದೆ. ಫ್ಲೂ ಲಸಿಕೆಯನ್ನೂ ಕೇಳಿ.

ಅಲ್ಲಿ ಇಳಿದ ಮೇಲೆ

ಟೆಕ್ಸಾಸ್‌ನ ಬೇಸಿಗೆ 38 ಡಿಗ್ರಿ ದಾಟುತ್ತದೆ. ನಡಿಗೆ ಫಜ್ರ್ ನಂತರವೇ ಮುಗಿಯಲಿ. ಹುಲ್ಲಿನಲ್ಲಿ ಬರಿಗಾಲು ಬೇಡ, ಬೆಂಕಿ ಇರುವೆಗಳು ಕಚ್ಚುತ್ತವೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2024ರ ಜುಲೈನಲ್ಲಿ ಬೆರಿಲ್ ಬೀಸಿದಾಗ ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ವಿದ್ಯುತ್ ಸಂಪರ್ಕಗಳು ಕಡಿದಿದ್ದವು. ಇನ್ಸುಲಿನ್ ಇಡಲು ಐಸ್ ಡಬ್ಬಿ, ಕುಡಿಯುವ ನೀರು ಸಿದ್ಧವಿರಲಿ. 2021ರ ಫೆಬ್ರವರಿಯ ಹಿಮದಲ್ಲಿ ಕರೆಂಟಿಲ್ಲದೆ ಮನೆಯೊಳಗೆ ಇದ್ದಿಲು ಉರಿಸಿ ವಿಷಾನಿಲದಿಂದ ಸತ್ತವರಿದ್ದಾರೆ. ಎಷ್ಟೇ ಚಳಿಯಾದರೂ ಆ ಕೆಲಸ ಬೇಡ.

ಹಲಾಲ್ ಮಾಂಸದ ಅಂಗಡಿಗಳು ಹ್ಯೂಸ್ಟನ್, ಡಲ್ಲಾಸ್‌ಗಳಲ್ಲಿ ಬೇಕಾದಷ್ಟಿವೆ. ಮೋಸ ಹೋಗುವುದು ತರಕಾರಿಯೆಂದು ನಂಬಿದ ಕಡೆ. ದಕ್ಷಿಣದ ರಾಜ್ಯಗಳಲ್ಲಿ ಸೊಪ್ಪು, ಕಾಳುಗಳನ್ನು ಹಂದಿಮಾಂಸದ ತುಂಡು ಹಾಕಿ ಬೇಯಿಸುವ ರೂಢಿಯಿದೆ, ಬೀನ್ಸ್ ಪಲ್ಯಕ್ಕೂ ಹಂದಿಕೊಬ್ಬು ಹಾಕುವುದುಂಟು. ಕೇಳಿಯೇ ತಿನ್ನಿ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ, ಇಲ್ಲದ್ದೂ ಸಿಗುತ್ತದೆ.

ಎದೆನೋವು, ಮಾತು ತೊದಲುವುದು, ಒಂದು ಕೈ ಸೋಲುವುದು ಕಂಡರೆ ಬಿಲ್ಲಿನ ಲೆಕ್ಕ ಹಾಕುತ್ತ ಕೂರಬೇಡಿ, 911ಕ್ಕೆ ಕರೆ ಮಾಡಿ. ಮನೆಯ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಡಿ. ಮಗಳು, ಅಳಿಯ ಮನೆಯಲ್ಲಿಲ್ಲದ ಹೊತ್ತಿಗೆ ಅದೇ ಆಸರೆ.

ಖಾಲಾ ಹೋಗಿ ಐದು ತಿಂಗಳಿದ್ದು, ಅಲ್‌ಹಮ್ದುಲಿಲ್ಲಾಹ್, ಸಕ್ಕರೆ ಹತೋಟಿಯಲ್ಲೇ ಇಟ್ಟುಕೊಂಡು ಮರಳಿದರು. ಅವರು ಒಯ್ಯದೆ ಬಿಟ್ಟ ರಸಬಾಳೆಯನ್ನು ಕೇಳುತ್ತ ಮಗಳು ಮುಂದಿನ ವರ್ಷ ಮಗುವಿನೊಂದಿಗೆ ತಾನೇ ಬರುತ್ತಾಳಂತೆ.