ಎಚ್ಚರಿಕೆಯ ಲಕ್ಷಣವೂ ಯಂತ್ರದ ಮೌನವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಮಳೆಯನ್ನೇ ನಂಬಿದ ಸೀಮೆ ಇದು. ಆ ಮಳೆಯಾದರೋ ನಂಬಿಕೆಗೆ ಅರ್ಹವಾದುದಲ್ಲ. ಇಲ್ಲಿಯ ಹಳ್ಳಿಗಳಲ್ಲಿ ಹಿಂದೆ ಹುಡೇವಿನ ಮೇಲೆ ನಿಂತು ದೂರವನ್ನು ನೋಡುವವನೊಬ್ಬನಿದ್ದನು. ಕೆರೆಯ ನೀರು ಕೋಡಿಯ ಮಟ್ಟಕ್ಕೆ ಬಂದಿತೇ ಎಂದು ನೋಡುವ ನೀರುಗಂಟಿಯಿದ್ದನು. ರಾತ್ರಿ ಊರನ್ನು ಸುತ್ತುವ ತಳವಾರನಿದ್ದನು. ಇವರ ಕೆಲಸವನ್ನು ವಿಂಗಡಿಸಿ ನೋಡಿದರೆ ಮೂರು ಅಂಗಗಳು ತೋರುತ್ತವೆ: ಕಾಣುವುದು, ಕಂಡದ್ದು ಭಯಕ್ಕೆ ಕಾರಣವೋ ಅಲ್ಲವೋ ಎಂದು ನಿಶ್ಚಯಿಸುವುದು, ನಿಶ್ಚಯಿಸಿದುದನ್ನು ತಕ್ಕವರಿಗೆ ಕೂಗಿ ಹೇಳುವುದು. ಒಬ್ಬನಲ್ಲಿ ಸೇರಿದ್ದ ಈ ಮೂರೂ ಇಂದು ಯಂತ್ರಗಳಲ್ಲಿ ಹಂಚಿಹೋಗಿವೆ. ನಡುವಣ ಅಂಗವಾದ ನಿಶ್ಚಯವನ್ನು ಯಂತ್ರಕ್ಕೆ ಕಲಿಸುವುದು ಹೇಗೆಂಬುದೇ ಪ್ರಕೃತ ವಿಚಾರ.

ಕರ್ನಾಟಕದಲ್ಲಿ 1988ರಲ್ಲಿ ಬರಪರಿಸ್ಥಿತಿಯ ಮೇಲೆ ನಿಗಾ ಇಡುವುದಕ್ಕೆ ಒಂದು ಘಟಕವು ಏರ್ಪಟ್ಟಿತು. ಅದೇ 2007ರಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಹೆಸರನ್ನು ಪಡೆಯಿತು. ಬೆಂಗಳೂರಿನ ಯಲಹಂಕದಲ್ಲಿರುವ ಈ ಕೇಂದ್ರಕ್ಕೆ ಗ್ರಾಮಪಂಚಾಯಿತಿಗಳಲ್ಲಿ ನೆಟ್ಟಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ತಾವಾಗಿಯೇ ವರದಿಯನ್ನು ಕಳುಹಿಸುತ್ತವೆ. ಒಂದು ಮಾಪಕದಿಂದ ದಿನಕ್ಕೆ 96 ವರದಿಗಳು. ಮಾಪಕಗಳು ಆರು ಸಾವಿರಕ್ಕೆ ಮೇಲ್ಪಟ್ಟಿರುವುದರಿಂದ ಒಟ್ಟು ಐದು ಲಕ್ಷವನ್ನು ಮೀರುತ್ತದೆ. ಇಷ್ಟನ್ನು ಓದಿ ನೋಡುವ ಕಣ್ಣು ಮನುಷ್ಯರಲ್ಲಿಲ್ಲ. ಆದುದರಿಂದ ಇಂಥ ಕಡೆಗಳಲ್ಲಿ ನಿಯಮವನ್ನು ಬರೆದು ಕಂಪ್ಯೂಟರಿಗೆ ಒಪ್ಪಿಸಬೇಕಾಗುತ್ತದೆ. ಮಳೆಗೆ ಮಾತ್ರವಲ್ಲ, ಬ್ಯಾಂಕು ಕಚೇರಿಗಳ ಸರ್ವರುಗಳ ಮೇಲೆ ಕಾವಲಿರುವ ನಾಗಿಯೋಸ್, ಜ್ಯಾಬಿಕ್ಸ್, ಪ್ರೊಮಿಥಿಯಸ್ ಮುಂತಾದ ತಂತ್ರಾಂಶಗಳಲ್ಲಿಯೂ ಕ್ರಮವು ಇದೇ. ಅಳೆಯುವ ವಸ್ತು ಬೇರೆಯಾದರೂ ಎಚ್ಚರಿಕೆಯ ವ್ಯಾಕರಣವು ಒಂದೇ.

ಎಚ್ಚರಿಕೆಯ ನಿಯಮವೆಂಬುದು ವಸ್ತುತಃ ಒಂದು ಲಕ್ಷಣವಾಕ್ಯ. 'ಹೀಗಿದ್ದರೆ ಅಪಾಯ' ಎಂದು ಅದು ಅಪಾಯವನ್ನು ಲಕ್ಷಿಸುತ್ತದೆ. ತರ್ಕಶಾಸ್ತ್ರವು ಲಕ್ಷಣಕ್ಕೆ ಹೇಳಿರುವ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳೂ ಇಲ್ಲಿ ಪ್ರತ್ಯಕ್ಷವಾಗಿ ಕಾಣುವುವು. ಕಾಲು ಗಂಟೆಯಲ್ಲಿ 10 ಮಿಲಿಮೀಟರು ಸುರಿದರೆ ಎಚ್ಚರಿಸತಕ್ಕದ್ದೆಂದು ಬರೆದರೆ ಮುಂಗಾರಿನ ಸಾಧಾರಣ ಗುಡುಗುಮಳೆಗೂ ಗಂಟೆ ಬಾರಿಸುತ್ತದೆ, ಇದು ಅತಿವ್ಯಾಪ್ತಿ. ಹವಾಮಾನ ಇಲಾಖೆಯು 24 ಗಂಟೆಯಲ್ಲಿ 64.5 ಮಿಲಿಮೀಟರು ಮುಟ್ಟಿದ ಮಳೆಯನ್ನು ಭಾರೀ ಮಳೆಯೆಂದು ಎಣಿಸುತ್ತದೆ; ಅದರ ಮಳೆದಿನವು ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ನಿಯಮವನ್ನು ಈ ಮಳೆದಿನಕ್ಕೆ ಕಟ್ಟಿಹಾಕಿದರೆ, ಎಂಟೂವರೆಗೆ ಮುಂಚೆ 40, ಅನಂತರ 40 ಬಿದ್ದ ಮಳೆಯು ಎರಡು ದಿನಗಳಲ್ಲಿ ಒಡೆದುಹೋಗಿ ಒಂದರಲ್ಲಿಯೂ ಭಾರಿಯಾಗದು. ಕೆರೆಯ ಏರಿಗೆ ಮಾತ್ರ 80ರ ನೀರೂ ಒಂದೇ ಸಲ ಬಂದಿರುತ್ತದೆ. ಇದು ಅವ್ಯಾಪ್ತಿ. ಪ್ರತಿ ಕಾಲು ಗಂಟೆಗೂ ಹಿಂದಣ 24 ಗಂಟೆಗಳನ್ನು ಹೊಸದಾಗಿ ಕೂಡುವಂತೆ ಮಾಡುವುದೇ ಇದಕ್ಕೆ ಪರಿಹಾರ. ಇನ್ನು, ಮಾಪಕವು ಸೆಂಟಿಮೀಟರಿನಲ್ಲಿ ಕಳುಹಿಸುತ್ತಿರಲು ನಿಯಮವನ್ನು ಮಿಲಿಮೀಟರಿನ 64.5 ಎಂದು ಬರೆದನೆನ್ನಿರಿ. ಆಗ ಒಂದೇ ದಿನ 645 ಮಿಲಿಮೀಟರು ಬಿದ್ದ ಹೊರತು ಯಂತ್ರವು ಬಾಯಿ ಬಿಡುವುದಿಲ್ಲ. ವರ್ಷದ ಮಳೆಯೇ ಹೆಚ್ಚು ಕಡಮೆ ಅಷ್ಟಿರುವ ಈ ಸೀಮೆಯಲ್ಲಿ ಅದು ಅಸಂಭವವಲ್ಲದೆ ಮತ್ತೇನು?

ಕಾಲದ ವಿಷಯದಲ್ಲಿ ಮತ್ತೊಂದು ಸೂಕ್ಷ್ಮವುಂಟು. ಗಾಳಿಗೆ ಅಲೆಯೆದ್ದು ಕೆರೆಯ ನೀರು ಒಂದು ಕ್ಷಣ ಗುರುತನ್ನು ಮುಟ್ಟಿ ಇಳಿದರೆ ನೀರುಗಂಟಿಯು ಊರನ್ನು ಎಬ್ಬಿಸುವುದಿಲ್ಲ. ನಾಗಿಯೋಸ್ ತಂತ್ರಾಂಶವು ಮೊದಲ ಸಲ ಕಂಡ ದೋಷವನ್ನು ಮೃದು ಸ್ಥಿತಿಯೆಂದೂ, ಮರುಪರೀಕ್ಷೆಗಳಲ್ಲಿಯೂ ನಿಂತುದನ್ನು ದೃಢ ಸ್ಥಿತಿಯೆಂದೂ ಭೇದ ಮಾಡುವುದು ಈ ಕಾರಣಕ್ಕೇ. ಏರುವಾಗ ಒಂದು ಮಿತಿ, ಇಳಿದು ಶಾಂತವಾಯಿತೆನ್ನುವುದಕ್ಕೆ ಅದಕ್ಕಿಂತ ಕೆಳಗಿನ ಇನ್ನೊಂದು ಮಿತಿ ಎಂದು ಇಡಲು ಜ್ಯಾಬಿಕ್ಸಿನಲ್ಲಿ ಅನುಕೂಲವಿದೆ. ಎರಡೂ ಒಂದೇ ಆದರೆ ನೀರು ಗುರುತಿನ ಸುತ್ತ ಆಡುವಷ್ಟು ಹೊತ್ತೂ ಎಚ್ಚರಿಕೆಯು ಹೊತ್ತಿ ಆರುತ್ತಿರುತ್ತದೆ.

ಇಲ್ಲಿಯವರೆಗೆ ಹೇಳಿದುದು ಯಂತ್ರವು ಮಾತನಾಡಿದಾಗಿನ ಮಾತು. ಅದು ಮೌನವಾದರೆ ಏನೆಂದು ತಿಳಿಯತಕ್ಕದ್ದು? ಗುಡೇಕೋಟೆಯ ಕಡೆಯ ಮಾಪಕದಿಂದ ಮೂರು ದಿನ ಏನೂ ಬರಲಿಲ್ಲವೆಂದರೆ ಅಲ್ಲಿ ಮಳೆಯಿಲ್ಲವೆಂದೋ, ಮಾಪಕವೇ ಇಲ್ಲವಾಯಿತೆಂದೋ? ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಿದರು, ನೈಯಾಯಿಕರು ಒಪ್ಪಲಿಲ್ಲ. ಆ ವಾದವು ಇಲ್ಲಿ ಬೇಡ. ಒಪ್ಪಿದವರು ಹಾಕಿದ ಒಂದು ಕಟ್ಟು ಮಾತ್ರ ಬೇಕು: ಕಾಣದಿರುವಿಕೆಯೆಲ್ಲ ಅಭಾವಕ್ಕೆ ಸಾಕ್ಷಿಯಲ್ಲ, ಇದ್ದರೆ ಕಾಣಲೇಬೇಕಾಗಿದ್ದ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಸಾಕ್ಷಿ. ಬೆಳಕಿನಲ್ಲಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ; ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಇದೇ ಯೋಗ್ಯಾನುಪಲಬ್ಧಿ.

'ಸೊನ್ನೆ ಮಳೆ' ಎಂಬ ವರದಿ ಬೇರೆ, ವರದಿಯೇ ಇಲ್ಲದಿರುವುದು ಬೇರೆ. ಲೆಕ್ಕ ಬರೆಯುವ ಅವಸರದಲ್ಲಿ ಬರಿದಾದ ಕೋಣೆಗೆ ಸೊನ್ನೆಯನ್ನು ತುಂಬುವ ಅಭ್ಯಾಸದಷ್ಟು ಅನರ್ಥಕಾರಿಯಾದುದು ಈ ವಿದ್ಯೆಯಲ್ಲಿ ಮತ್ತೊಂದಿಲ್ಲ. ಕೇಂದ್ರ ಸರ್ಕಾರದ 2016ರ ಬರನಿರ್ವಹಣೆಯ ಕೈಪಿಡಿಯು, ಸತತವಾಗಿ ಮೂರು ನಾಲ್ಕು ವಾರ ವಾಡಿಕೆಯ ಅರ್ಧಕ್ಕಿಂತ ಕಡಮೆ ಮಳೆಯಾದರೆ ಶುಷ್ಕಾವಧಿಯೆಂದು ಪರಿಗಣಿಸುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ದಾಳಿಂಬೆಯಂಥ ತೋಟದ ಬೆಳೆಗಳಿಗೆ ಹವಾಮಾನವನ್ನು ಆಧರಿಸಿದ ವಿಮೆಯ ಹಣವೂ ಮಾಪಕದ ಅಂಕಿಯನ್ನೇ ಅನುಸರಿಸುತ್ತದೆ. ಬರಿದಾದ ಕೋಣೆಗೆ ಮಗ್ಗುಲ ಹಳ್ಳಿಯ ಮಳೆಯನ್ನು ತುಂಬಿದರೆ ಒಣಗಿದ ಹೊಲದವನಿಗೆ ಮಳೆ ಬಂದಂತಾಗುತ್ತದೆ. ಸೊನ್ನೆಯನ್ನು ತುಂಬಿದರೆ ನೆನೆದ ಹೊಲವು ಕಾಗದದ ಮೇಲೆ ಒಣಗುತ್ತದೆ. ಎರಡರಲ್ಲಿಯೂ ಕೆಟ್ಟುಹೋಗುವುದು ಪ್ರಮಾಣವೇ.

ಆದುದರಿಂದ ನಿಯಮಗಳಲ್ಲಿ ಮೊದಲನೆಯದಾಗಿ ಬರೆಯತಕ್ಕದ್ದು ಮಳೆಯ ನಿಯಮವಲ್ಲ, ಮೌನದ ನಿಯಮ. ಜ್ಯಾಬಿಕ್ಸಿನಲ್ಲಿಯೂ ಪ್ರೊಮಿಥಿಯಸಿನಲ್ಲಿಯೂ ಇಂತಿಷ್ಟು ಹೊತ್ತು ವರದಿ ಬರದಿದ್ದರೆ ಅದನ್ನೇ ದೋಷವೆಂದು ಸಾರುವ ಕ್ರಿಯೆಗಳಿವೆ. ಕಾಲು ಗಂಟೆಯ ವರದಿಗೆ ಒಂದೇ ಸಲ ತಪ್ಪಿದರೆ ಕೂಗುವುದು ಆತುರ. ಮೂರು ನಾಲ್ಕು ಸಲ ತಪ್ಪುವವರೆಗೆ ಕಾಯುವುದು ಉಚಿತ. ಇಷ್ಟರಿಂದಲೂ ಕೆಲಸ ಮುಗಿಯದು. ಮಾಪಕದ ಆಲಿಕೆಯಲ್ಲಿ ಎಲೆಯೋ ಹಕ್ಕಿಯ ಹಿಕ್ಕೆಯೋ ಕಟ್ಟಿಕೊಂಡರೆ ಯಂತ್ರವು ಜೀವಂತವಾಗಿದ್ದು, ತಪ್ಪದೆ ಸೊನ್ನೆಯನ್ನೇ ಕಳುಹಿಸುತ್ತಿರುತ್ತದೆ. ಕಣ್ಣು ತೆರೆದಿರುವ ಕುರುಡು ಇದು. ಇದನ್ನು ಹಿಡಿಯಲು ನೆರೆಯ ಮಾಪಕಗಳೊಡನೆ ಹೋಲಿಸಬೇಕು. ಆದರೆ ಈ ಸೀಮೆಯ ಮಳೆಯು ಒಂದು ಹೊಲವನ್ನು ತೋಯಿಸಿ ಬದುವಿನಾಚೆಯದನ್ನು ಬಿಟ್ಟುಹೋಗುವ ಜಾತಿಯದು. ಒಂದು ದಿನದ ಭೇದವನ್ನು ನಂಬಿದರೆ ಮತ್ತೆ ಅತಿವ್ಯಾಪ್ತಿ. ಹಲವು ಮಳೆಗಳಲ್ಲಿ ಸುತ್ತಲೂ ಬಿದ್ದು ಇಲ್ಲಿ ಮಾತ್ರ ಸೊನ್ನೆಯಾದರೆ ಆಗ ಒಬ್ಬನನ್ನು ಕಳುಹಿಸಿ ಆಲಿಕೆಯನ್ನು ನೋಡಿಸುವುದು ನ್ಯಾಯ.

ಉಳಿದುದು ಯಾರಿಗೆ ಹೇಳಬೇಕೆಂಬುದು. ಉಜ್ಜಿನಿಯ ಕಡೆ ದೂರವಾಣಿಯ ಸಂಪರ್ಕವೊಂದು ಕಡಿದರೆ ಅದನ್ನು ನಂಬಿದ ಮಾಪಕಗಳೆಲ್ಲ ಒಟ್ಟಿಗೆ ಮೌನವಾಗುವುವು. ಒಂದೊಂದಕ್ಕೂ ಒಂದೊಂದು ಸಂದೇಶ ಹೋದರೆ ಓದುವವನು ಎಲ್ಲವನ್ನೂ ಅಳಿಸಿ ಮಲಗುವನು. ಕಾರಣವನ್ನು ಒಮ್ಮೆ ಹೇಳಿ ಕಾರ್ಯಗಳನ್ನು ಅದರೊಳಗೆ ಅಡಗಿಸುವಂತೆ ಅವಲಂಬನವನ್ನು ಮೊದಲೇ ಬರೆದಿಡಬೇಕು. ಸಂದೇಶದಲ್ಲಿ ಸ್ಥಳ, ಎಂದಿನಿಂದ, ಎಷ್ಟು, ಮಾಡತಕ್ಕದ್ದೇನು ಎಂಬ ನಾಲ್ಕೂ ಇರಬೇಕು. ನಿಯಮಿತ ಹೊತ್ತಿನಲ್ಲಿ ಉತ್ತರ ಬಾರದಿದ್ದರೆ ಮೇಲಿನವರಿಗೆ ಹೋಗಬೇಕು. ದುರಸ್ತಿಗೆಂದು ಎಚ್ಚರಿಕೆಯನ್ನು ನಿಲ್ಲಿಸಿದರೆ ನಿಲುಗಡೆಗೆ ಕೊನೆಯ ಗಳಿಗೆಯನ್ನು ಅಲ್ಲಿಯೇ ಬರೆಯಬೇಕು. ಬರೆಯದೆ ಮರೆತ ನಿಲುಗಡೆಗಳು ವರ್ಷಗಟ್ಟಳೆ ಉಳಿಯುವುದುಂಟು.

ಕಾವಲಿನ ತಂತ್ರಾಂಶವೇ ನಿಂತುಹೋದರೆ ಕೂಗುವವರಾರು ಎಂಬ ಆಕ್ಷೇಪಕ್ಕೂ ಸಮಾಧಾನವಿದೆ. ಯಾವಾಗಲೂ ಸತ್ಯವಾಗಿರುವ ನಿಯಮವೊಂದನ್ನು ಬರೆದು, ಅದರ ಎಚ್ಚರಿಕೆಯು ಹೊರಗಿನ ಇನ್ನೊಂದು ಯಂತ್ರಕ್ಕೆ ಹಗಲಿರುಳೂ ಹೋಗುತ್ತಿರುವಂತೆ ಮಾಡುತ್ತಾರೆ. ಅದು ಬರುತ್ತಿರುವವರೆಗೆ ಆ ಯಂತ್ರವು ಸುಮ್ಮನಿರುತ್ತದೆ. ನಿಂತ ಕೂಡಲೇ ಮನುಷ್ಯನನ್ನು ಎಬ್ಬಿಸುತ್ತದೆ. ತಳವಾರನ ಕೂಗು ಕೇಳುತ್ತಿರುವವರೆಗೆ ಊರು ನಿದ್ರಿಸುತ್ತಿದ್ದುದೂ ಹೀಗೆಯೇ.