ಹಳೆ ಟ್ರ್ಯಾಕ್ಟರಿನ ಬ್ಯಾಟರಿ ಎಷ್ಟು ವೋಲ್ಟ್? ವೈರು ಹಾಕುವ ಮೊದಲು ನೋಡಿ



ಮೇವು ತರಲು ಹೊರಟಾಗ ಟ್ರ್ಯಾಕ್ಟರ್ ಸ್ಟಾರ್ಟ್ ಆಗುವುದಿಲ್ಲ. ಡೇರಿ ಮುಂದೆ ಹಾಲಿನ ಟ್ಯಾಂಕರ್ ನಿಂತಿರುತ್ತದೆ. ‘ಅದರ ಬ್ಯಾಟರಿಯಿಂದ ಎರಡು ವೈರು ಕೊಟ್ಟರೆ ಆಯಿತು’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ದೊಡ್ಡ ಲಾರಿ, ಟ್ಯಾಂಕರ್‌ಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುತ್ತದೆ. ನಮ್ಮ ಕಡೆ ಓಡುವ ಬಹುತೇಕ ಟ್ರ್ಯಾಕ್ಟರುಗಳದು 12 ವೋಲ್ಟ್. ಹೆಚ್ಚು ವೋಲ್ಟ್ ಹರಿದರೆ ಬಲ್ಬು ಸುಡುತ್ತದೆ, ಬ್ಯಾಟರಿ ಕುದಿಯುತ್ತದೆ, ಒಡೆದು ಆ್ಯಸಿಡ್ ಮುಖಕ್ಕೆ ಚಿಮ್ಮಲೂಬಹುದು.

ಎಷ್ಟು ವೋಲ್ಟ್ ಎಂದು ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಬ್ಯಾಟರಿಯ ಮೇಲೆ ನೀರು ಹಾಕುವ ಮುಚ್ಚಳಗಳನ್ನು ಎಣಿಸಿ. ಒಂದೊಂದು ಮುಚ್ಚಳದ ಕೆಳಗೆ ಒಂದು ಮನೆ, ಒಂದೊಂದು ಮನೆಗೆ ಸುಮಾರು 2 ವೋಲ್ಟ್. ಆರು ಮುಚ್ಚಳವಿದ್ದರೆ 12, ಮೂರೇ ಇದ್ದರೆ 6. ಮುಚ್ಚಳವೇ ಇಲ್ಲದ ಸೀಲ್ ಬ್ಯಾಟರಿಯಾದರೆ ಚೀಟಿಯ ಮೇಲೆ ಬರೆದಿರುತ್ತದೆ.

6 ವೋಲ್ಟಿನ ಟ್ರ್ಯಾಕ್ಟರ್ ಇತ್ತೇ ಎಂದು ಕೇಳಬಹುದು. ಇತ್ತು. ಅಮೆರಿಕದಲ್ಲಿ 1947ರಿಂದ 1952ರವರೆಗೆ ತಯಾರಾದ ಫೋರ್ಡ್ 8ಎನ್ 6 ವೋಲ್ಟಿನದೇ. ಅದರಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಕಟ್ಟಿರುತ್ತಿದ್ದರು. ಈಗಿನವುಗಳಲ್ಲಿ ಬಾಡಿಗೆ ಹೋಗುವುದು ಮೈನಸ್. ಆದ್ದರಿಂದ ಬಹಳ ಹಳೆಯ ಗಾಡಿಯಾದರೆ ಯಾವ ತುದಿಯ ವೈರು ಬಾಡಿಗೆ ಹೋಗಿದೆ ಎಂದೂ ನೋಡಿಕೊಳ್ಳಿ.

ಎರಡು ಬ್ಯಾಟರಿ ಇದ್ದರೆ ಅವುಗಳ ನಡುವಿನ ಪಟ್ಟಿಯನ್ನು ಗಮನಿಸಿ. ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ ಸೇರಿದ್ದರೆ ವೋಲ್ಟ್ ಕೂಡುತ್ತದೆ: ಎರಡು 6 ಸೇರಿ 12. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಇದ್ದರೆ ವೋಲ್ಟ್ ಕೂಡುವುದಿಲ್ಲ, ಬಲ ಮಾತ್ರ ಹೆಚ್ಚುತ್ತದೆ.

ಬ್ಯಾಟರಿಯೊಂದನ್ನೇ ನಂಬಬೇಡಿ. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರಿಗೆ ಹಿಂದಿನವರು ಕೈಗೆ ಸಿಕ್ಕಿದ್ದನ್ನು ಕೂರಿಸಿರಬಹುದು. ಹೆಡ್‌ಲೈಟ್ ಬಲ್ಬಿನ ಬುಡದಲ್ಲಿ, ಸ್ಟಾರ್ಟರ್ ಮತ್ತು ಡೈನಮೋದ ತಗಡಿನ ಮೇಲೆ ಕೊರೆದ ಅಂಕಿ ಓದಿ. ಎಲ್ಲವೂ ಒಂದೇ ಹೇಳಬೇಕು.

ಮಲ್ಟಿಮೀಟರ್ ಇದ್ದರೆ ಡಿಸಿ 20ಕ್ಕೆ ತಿರುಗಿಸಿ ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಮುಟ್ಟಿಸಿ. ತುಂಬಿದ 12 ವೋಲ್ಟ್ ಬ್ಯಾಟರಿ ಇಂಜಿನ್ ಆಫ್ ಇದ್ದಾಗ ಸುಮಾರು 12.6 ತೋರಿಸುತ್ತದೆ, 6ರದು 6.3. ಇಂಜಿನ್ ಓಡುವಾಗ 12ರದು 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ದೋಷ ಚಾರ್ಜಿಂಗಿನಲ್ಲಿದೆ, ಹೊಸ ಬ್ಯಾಟರಿ ಕೊಳ್ಳಲು ಓಡಬೇಡಿ. ರಾತ್ರಿಯಿಡೀ ಚಾರ್ಜ್ ಮಾಡಿದ ಮೇಲೂ 10.5ರ ಹತ್ತಿರವೇ ನಿಂತರೆ ಒಂದು ಮನೆ ಸತ್ತಿದೆ ಎಂದೇ ತಿಳಿಯಿರಿ.

ಇದಕ್ಕೆ ಕೈ ಹಾಕುವ ಮುನ್ನ ಚಿನ್ನದ ಬಳೆ, ಉಂಗುರ ತೆಗೆದಿಡಿ, ತಾಳಿ ಸರವನ್ನು ರವಿಕೆಯೊಳಗೆ ಸೇರಿಸಿ, ಸೆರಗು ಸಿಕ್ಕಿಸಿಕೊಳ್ಳಿ. ಗಾಜಿನ ಬಳೆಗೆ ವಿದ್ಯುತ್ ಹಾಯುವುದಿಲ್ಲ; ಲೋಹದ ಬಳೆ ಪ್ಲಸ್ಸಿಗೂ ಬಾಡಿಗೂ ಒಟ್ಟಿಗೆ ತಾಕಿದರೆ ಕ್ಷಣದಲ್ಲಿ ಕಾದು ಕೈ ಸುಡುತ್ತದೆ. ಚಾರ್ಜ್ ಆಗುವಾಗ ಬೆಂಕಿ ಹತ್ತುವ ಅನಿಲ ಬರುತ್ತದೆ, ಹತ್ತಿರ ಯಾರೂ ಬೀಡಿ ಹಚ್ಚದಂತೆ ನೋಡಿಕೊಳ್ಳಿ. ಆ್ಯಸಿಡ್ ತಗಲಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆಯುತ್ತಲೇ ಇರಿ. ಕಣ್ಣಿಗೆ ಬಿದ್ದರೆ ತೊಳೆದು ಆಸ್ಪತ್ರೆಗೆ ಹೋಗಿ. ಬ್ಯಾಟರಿ ಬಿಚ್ಚುವಾಗ ಬಾಡಿಗೆ ಹೋಗುವ ವೈರು ಮೊದಲು, ಕಟ್ಟುವಾಗ ಅದೇ ಕೊನೆಗೆ.

ತಿಳಿದ ಅಂಕಿಯನ್ನು ಬ್ಯಾಟರಿ ಪೆಟ್ಟಿಗೆಯ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದುಬಿಡಿ. ಚಾರ್ಜರ್‌ನ ಸ್ವಿಚ್ಚನ್ನೂ ಅದೇ ಅಂಕಿಗೆ ಇಡಿ.