ಸಾಬೂನು ಮತ್ತು ಸಸ್ಯತೈಲ ಸಿಂಪರಣೆ

ಸಾಬೂನು ಮತ್ತು ಸಸ್ಯತೈಲ ಸಿಂಪರಣೆಯು ಕೈತೋಟದ ಗಿಡಗಳಿಗೆ ತಗಲುವ ಮೃದುದೇಹದ ಕೀಟಗಳನ್ನು ಹತೋಟಿಯಲ್ಲಿಡುವ ಒಂದು ಗೃಹವಿಧಾನ. ಇದರಲ್ಲಿ ಸಾಬೂನಿನ ತೆಳುವಾದ ದ್ರಾವಣವನ್ನು ಬರಿದಾಗಿಯೋ, ಬೇವು, ಹೊಂಗೆ, ನೀಲಗಿರಿ, ನಿಂಬೆಹುಲ್ಲು ಮೊದಲಾದ ಸಸ್ಯಗಳ ತೈಲದೊಡನೆ ಬೆರೆಸಿಯೋ ಎಲೆಗಳ ಮೇಲೆ ಎರಚಲಾಗುತ್ತದೆ. ತಯಾರಿಕೆ ಸುಲಭ, ಖರ್ಚು ಅಲ್ಪ ಮತ್ತು ಎಲೆಯ ಮೇಲೆ ವಿಷಶೇಷ ಬಹುಕಾಲ ಉಳಿಯುವುದಿಲ್ಲ. ಆದುದರಿಂದ ಮನೆಯಂಗಳದಲ್ಲಿ ಮತ್ತು ತಾರಸಿಯ ಮೇಲೆ ತರಕಾರಿ ಬೆಳೆಯುವವರಲ್ಲಿ ಇದು ಹೆಚ್ಚು ಬಳಕೆಯಲ್ಲಿದೆ. ಆದರೆ ಇದು ಎಲ್ಲ ಕೀಟಗಳಿಗೂ ಮದ್ದಲ್ಲ. ತಪ್ಪು ಪ್ರಮಾಣದಲ್ಲಿ ಬಳಸಿದರೆ ಕೀಟಕ್ಕಿಂತ ಮೊದಲು ಗಿಡವೇ ಹಾಳಾಗುವುದುಂಟು.

ಕಾರ್ಯವಿಧಾನ

ಸಾಬೂನು ಎಂದರೆ ರಾಸಾಯನಿಕವಾಗಿ ಕೊಬ್ಬಿನ ಆಮ್ಲಗಳ ಲವಣ. ಎಣ್ಣೆಯನ್ನು ಕ್ಷಾರದೊಡನೆ ವರ್ತಿಸಿದಾಗ ಇದು ದೊರೆಯುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಬಳಸಿದರೆ ಗಟ್ಟಿ ಸಾಬೂನು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸಿದರೆ ಮೆದು ಅಥವಾ ದ್ರವರೂಪದ ಸಾಬೂನು ಉಂಟಾಗುತ್ತದೆ. ಕೀಟನಾಶಕ ಸಾಬೂನು ಎಂಬ ಹೆಸರಿನಲ್ಲಿ ಮಾರಾಟವಾಗುವ ವಸ್ತುಗಳಲ್ಲಿ ಸಾಮಾನ್ಯವಾಗಿ ಇರುವುದು ಪೊಟ್ಯಾಸಿಯಂ ಲವಣ.

ಕೀಟದ ಮೈಮೇಲೆ ನೀರು ಆರಿಹೋಗದಂತೆ ಕಾಯುವ ತೆಳುವಾದ ಮೇಣದ ಪದರವಿರುತ್ತದೆ. ಸಾಬೂನು ಈ ಪದರವನ್ನು ಕರಗಿಸಿ, ಜೀವಕೋಶಗಳ ಪೊರೆಯನ್ನು ಕೆಡಿಸುತ್ತದೆ. ದ್ರಾವಣವು ಉಸಿರಾಟದ ರಂಧ್ರಗಳಿಗೂ ನುಗ್ಗುತ್ತದೆ. ಪರಿಣಾಮವಾಗಿ ಕೀಟವು ಕೆಲವೇ ಗಂಟೆಗಳಲ್ಲಿ ಒಣಗಿ ಸಾಯುತ್ತದೆ. ಇದೆಲ್ಲವೂ ದ್ರಾವಣ ಹಸಿಯಾಗಿರುವಾಗ ಮಾತ್ರ ನಡೆಯುವ ಕ್ರಿಯೆ. ಆರಿದ ಸಾಬೂನಿನ ಮೇಲೆ ಬಂದು ಕುಳಿತ ಕೀಟಕ್ಕೆ ಏನೂ ಆಗುವುದಿಲ್ಲ. ಹೀಗಾಗಿ ಮುಂಜಾಗ್ರತೆಯ ಕ್ರಮವಾಗಿ, ಕೀಟವಿಲ್ಲದ ಗಿಡಕ್ಕೆ ಸಾಬೂನು ನೀರು ಎರಚುವುದು ವ್ಯರ್ಥ. ಎಲೆಯ ಅಡಿಭಾಗದಲ್ಲಿ ಅಡಗಿರುವ ಕೀಟಗಳನ್ನು ಬಿಟ್ಟು ಮೇಲ್ಭಾಗವನ್ನಷ್ಟೇ ತೋಯಿಸುವುದೂ ಅಷ್ಟೇ ವ್ಯರ್ಥ.

ಅವರೆಯ ಚಿಗುರಿಗೆ ಮುತ್ತುವ ಗಿಡಹೇನು, ದಾಸವಾಳದ ಹಿಟ್ಟುತಿಗಣೆ, ಬದನೆ ಮತ್ತು ಬೆಂಡೆಯ ಬಿಳಿನೊಣ, ಗುಲಾಬಿಯ ಜೇಡನುಸಿ, ಥ್ರಿಪ್ಸ್ ಹಾಗೂ ಶಲ್ಕಕೀಟದ ಎಳೆಯ ಮರಿಗಳು ಈ ಸಿಂಪರಣೆಗೆ ಬಗ್ಗುತ್ತವೆ. ಬಲಿತ ಶಲ್ಕಕೀಟ, ದುಂಬಿ, ಮೊಟ್ಟೆ ಹಾಗೂ ಕಾಂಡದೊಳಗೆ ಕೊರೆದು ಕುಳಿತ ಹುಳು ಬಗ್ಗುವುದಿಲ್ಲ. ಕರಿಬೇವಿನ ಎಲೆಯನ್ನು ಬೋಳು ಮಾಡುವ ನಿಂಬೆ ಚಿಟ್ಟೆಯ ದೊಡ್ಡ ಮರಿಹುಳುವಿಗೆ ಸಾಬೂನಿಗಿಂತ ಕೈಯಿಂದ ಆರಿಸಿ ತೆಗೆಯುವುದೇ ತಕ್ಕ ಉಪಾಯ.

ಸಾಬೂನು ಮತ್ತು ಮಾರ್ಜಕ

ಮನೆಗಳಲ್ಲಿ ಆಗುವ ಹಾನಿಗೆ ಮುಖ್ಯ ಕಾರಣ ಈ ಎರಡರ ವ್ಯತ್ಯಾಸವನ್ನು ಅರಿಯದಿರುವುದು. ಪಾತ್ರೆ ತೊಳೆಯುವ ದ್ರವ, ಬಟ್ಟೆ ಒಗೆಯುವ ಪುಡಿ ಮತ್ತು ಇಂದು ‘ಸೋಪು’ ಎಂದು ಕರೆಯಲಾಗುವ ಎಷ್ಟೋ ಬಿಲ್ಲೆಗಳು ಸಾಬೂನಲ್ಲ, ಕೃತಕ ಮಾರ್ಜಕಗಳು. ಜಿಡ್ಡನ್ನು ತೆಗೆಯಲೆಂದೇ ರೂಪಿಸಿದ ಇವು ಎಲೆಯ ರಕ್ಷಣೆಗಿರುವ ಮೇಣವನ್ನೂ ತೆಗೆಯುತ್ತವೆ. ಅಂತಹ ಎಲೆಯ ಅಂಚು ಒಂದೆರಡು ದಿನಗಳಲ್ಲಿ ಕಂದಾಗಿ ಸುಟ್ಟಂತೆ ಕಾಣುತ್ತದೆ. ಬಣ್ಣ, ಸುವಾಸನೆ ಮತ್ತು ಬಿಳುಪುಕಾರಕ ಸೇರಿಸಿದ ವಸ್ತುಗಳು ಇನ್ನೂ ಅಪಾಯಕಾರಿ. ಮನೆಯಲ್ಲಿಯೇ ಕಾಸಿದ ಸಾಬೂನಾದರೂ ಅದರಲ್ಲಿ ವರ್ತಿಸದೆ ಉಳಿದ ಕ್ಷಾರವಿದ್ದರೆ ಎಲೆ ಸುಡುತ್ತದೆ. ಆದ್ದರಿಂದ ಹೊಸದಾಗಿ ತಯಾರಿಸಿದ ಬಿಲ್ಲೆಯನ್ನು ನಾಲ್ಕರಿಂದ ಆರು ವಾರ ಹದಗೊಳ್ಳಲು ಬಿಡಬೇಕು.

ನೀರಿನ ಗುಣವೂ ಮುಖ್ಯ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ ಕರಗದ ಬಿಳಿ ಗಸಿಯಾಗುತ್ತವೆ. ಆಗ ದ್ರಾವಣದಲ್ಲಿ ಕೀಟವನ್ನು ಕೊಲ್ಲುವಷ್ಟು ಸಾಬೂನು ಉಳಿಯುವುದಿಲ್ಲ, ಗಸಿಯು ಸಿಂಪರಣಾ ಡಬ್ಬಿಯ ತೂತನ್ನೂ ಮುಚ್ಚುತ್ತದೆ. ಕರ್ನಾಟಕದ ಬಯಲುಸೀಮೆಯ ಅನೇಕ ಊರುಗಳ ಕೊಳವೆಬಾವಿಯ ನೀರು ಇಂಥದ್ದೇ. ಶೇಖರಿಸಿದ ಮಳೆನೀರು ಈ ಕೆಲಸಕ್ಕೆ ಉತ್ತಮ.

ಸಾಬೂನು ದೊರೆಯದಿದ್ದಲ್ಲಿ ಅಂಟುವಾಳದ ಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಸಿ ಕಿವುಚಿದ ನೀರನ್ನು ಬಳಸುವುದುಂಟು. ಇದರ ನೊರೆಗೆ ಕಾರಣವಾದ ಸಪೋನಿನ್‌ಗಳು ಎಣ್ಣೆಯನ್ನು ನೀರಿನಲ್ಲಿ ಬೆರೆಸಲು ನೆರವಾಗುತ್ತವೆ.

ಬೇವು ಮತ್ತು ಹೊಂಗೆ

ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ಸಂಯುಕ್ತವನ್ನು 1968ರಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಪ್ರತ್ಯೇಕಿಸಿದರು. ಇದು ಕೀಟವನ್ನು ಕೂಡಲೇ ಕೊಲ್ಲುವುದಿಲ್ಲ. ಕೀಟವು ತಿನ್ನುವುದನ್ನು ನಿಲ್ಲಿಸುತ್ತದೆ, ಅದರ ಪೊರೆ ಕಳಚುವ ಕ್ರಿಯೆ ಕೆಡುತ್ತದೆ, ಸಂತಾನ ಕ್ಷೀಣಿಸುತ್ತದೆ. ಸಿಂಪಡಿಸಿದ ಮರುದಿನವೂ ಹುಳು ಜೀವಂತವಾಗಿರುವುದನ್ನು ಕಂಡು ಮದ್ದು ಸುಳ್ಳೆಂದು ತಿಳಿಯುವುದು ಸರಿಯಲ್ಲ. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ವಿಘಟನೆಗೊಳ್ಳುವುದರಿಂದ ಸಂಜೆಯ ಸಿಂಪರಣೆ ಪ್ರಶಸ್ತ.

ಬೇವಿನ ಕೀಟನಿರೋಧಕ ಗುಣ ಭಾರತದ ರೈತರಿಗೆ ಹೊಸದಲ್ಲ. ಧಾನ್ಯದ ಕಣಜದಲ್ಲಿ ಬೇವಿನ ಸೊಪ್ಪು ಹಾಕುವ ರೂಢಿ ಹಳೆಯದು. ಬೇವಿನೆಣ್ಣೆಯಿಂದ ಶಿಲೀಂಧ್ರ ನಿಯಂತ್ರಿಸುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆ ಮತ್ತು ಒಂದು ಖಾಸಗಿ ಕಂಪನಿ ಪಡೆದಿದ್ದ ಪೇಟೆಂಟನ್ನು ಯುರೋಪಿಯನ್ ಪೇಟೆಂಟ್ ಕಚೇರಿಯು 2000ದಲ್ಲಿ ರದ್ದುಪಡಿಸಿತು. 2005ರಲ್ಲಿ ಮೇಲ್ಮನವಿಯೂ ವಜಾಗೊಂಡಿತು.

ಹೊಂಗೆ ಎಣ್ಣೆಯಲ್ಲಿರುವ ಕರಂಜಿನ್ ಕೂಡ ಕೀಟಗಳಿಗೆ ಒಗ್ಗದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ಎರಡು ಎಣ್ಣೆಗಳಿಂದ ಬೇವಿನ ಸೋಪು ಮತ್ತು ಹೊಂಗೆ ಸೋಪುಗಳನ್ನು ರೂಪಿಸಿದೆ. ಎಣ್ಣೆ ಮತ್ತು ಸಾಬೂನನ್ನು ಬೇರೆಬೇರೆಯಾಗಿ ಬೆರೆಸುವ ತೊಡಕು ಇವುಗಳಲ್ಲಿಲ್ಲ. ತರಕಾರಿ ಬೆಳೆಗಳಿಗೆ ಲೀಟರ್ ನೀರಿಗೆ ಸುಮಾರು 5ರಿಂದ 10 ಗ್ರಾಂ ಕರಗಿಸಿ ಸಿಂಪಡಿಸುತ್ತಾರೆ.

ಸುಗಂಧ ತೈಲಗಳು

ನೀಲಗಿರಿ, ನಿಂಬೆಹುಲ್ಲು, ಸಿಟ್ರೊನೆಲ್ಲಾ, ಪುದೀನ, ಲವಂಗ ಮೊದಲಾದವುಗಳ ಆವಿಶೀಲ ತೈಲಗಳು ಬೇವಿನೆಣ್ಣೆಯಂತೆ ಹಿಂಡಿ ತೆಗೆದವಲ್ಲ. ಇವು ಬಟ್ಟಿಯಿಳಿಸಿದವು. ಇವುಗಳ ಘಾಟು ಕೀಟವನ್ನು ದೂರವಿಡುತ್ತದೆ, ಕೆಲವು ಘಟಕಗಳು ಕೀಟದ ನರವ್ಯೂಹವನ್ನೂ ಬಾಧಿಸುತ್ತವೆ. ಆದರೆ ತೈಲ ಬೇಗ ಆವಿಯಾಗುವುದರಿಂದ ಪರಿಣಾಮ ಅಲ್ಪಕಾಲದ್ದು. ಪ್ರಯೋಗಾಲಯದ ಮುಚ್ಚಿದ ಗಾಜಿನೊಳಗೆ ಕಂಡ ಯಶಸ್ಸನ್ನು ಗಾಳಿಯಾಡುವ ಅಂಗಳದಲ್ಲಿ ನಿರೀಕ್ಷಿಸಲಾಗದು. ಲವಂಗ ತೈಲದ ತೀಕ್ಷ್ಣತೆ ಎಷ್ಟೆಂದರೆ ಅದನ್ನು ಕಳೆನಾಶಕವಾಗಿಯೂ ಬಳಸುತ್ತಾರೆ. ಹೀಗಿರುವಾಗ ಲೀಟರಿಗೆ 1 ಮಿಲಿಲೀಟರಿಗಿಂತ ಹೆಚ್ಚು ಸುಗಂಧ ತೈಲ ಬಳಸದಿರುವುದೇ ಕ್ಷೇಮ.

ತಯಾರಿ ಮತ್ತು ಸಿಂಪರಣೆ

ಬರಿ ಸಾಬೂನಿನ ಸಿಂಪರಣೆಗೆ ಲೀಟರ್ ನೀರಿಗೆ 10 ಗ್ರಾಂ, ಹೆಚ್ಚೆಂದರೆ 20 ಗ್ರಾಂ ಸಾಬೂನು ಸಾಕು. ಬಿಲ್ಲೆಯನ್ನು ತುರಿದು ಬಿಸಿನೀರಿನಲ್ಲಿ ಕರಗಿಸಿ, ತಣಿದ ಮೇಲೆ ಸೋಸಬೇಕು. ಬೇವಿನೆಣ್ಣೆ ಸೇರಿಸುವುದಾದರೆ ಲೀಟರಿಗೆ 3ರಿಂದ 5 ಮಿಲಿಲೀಟರ್ ಎಣ್ಣೆ ಬೇಕು, ಸಾಬೂನು ಎಣ್ಣೆಯನ್ನು ಬೆರೆಸುವಷ್ಟಿದ್ದರೆ ಸಾಕು. ಮೊದಲು ಎಣ್ಣೆಯನ್ನು ಸಾಬೂನಿನ ಮಂದ ದ್ರಾವಣದೊಡನೆ ಕಲಕಿ, ಹಾಲಿನಂತೆ ಬೆಳ್ಳಗಾದ ಬಳಿಕ ಸ್ವಲ್ಪಸ್ವಲ್ಪವಾಗಿ ನೀರು ಹಾಕಬೇಕು. ನೀರಿಗೆ ನೇರವಾಗಿ ಎಣ್ಣೆ ಸುರಿದರೆ ಅದು ಮೇಲೆ ತೇಲುತ್ತದೆ. ಸಿಂಪಡಿಸುವಾಗ ಕೊನೆಯ ಗಿಡಕ್ಕೆ ಶುದ್ಧ ಎಣ್ಣೆಯೇ ಬಿದ್ದು ಎಲೆ ಸುಡುತ್ತದೆ. ಚಳಿಗಾಲದಲ್ಲಿ ಬೇವಿನೆಣ್ಣೆ ಹೆಪ್ಪುಗಟ್ಟುತ್ತದೆ. ಶೀಶೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೆಲಕಾಲ ಇಟ್ಟರೆ ಮತ್ತೆ ಕರಗುತ್ತದೆ. ಬೆರೆಸಿದ ದ್ರಾವಣವನ್ನು ಅಂದೇ ಬಳಸಿ ಮುಗಿಸಬೇಕು.

ಮೊದಲು ಎರಡು ಮೂರು ಎಲೆಗಳಿಗೆ ಎರಚಿ ಎರಡು ದಿನ ಗಮನಿಸುವುದು ಅವಶ್ಯ. ಜರೀಗಿಡಗಳು, ಎಳೆಯ ಸಸಿಗಳು, ನೀರಿಲ್ಲದೆ ಬಾಡಿದ ಗಿಡಗಳು ಸಾಬೂನನ್ನು ತಾಳಲಾರವು. ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ದಾಟಿರುವಾಗ ಮತ್ತು ಮಳೆಯ ಸೂಚನೆಯಿರುವಾಗ ಸಿಂಪರಣೆ ಸಲ್ಲದು. ಮೊಟ್ಟೆಗಳು ಉಳಿದು ಮತ್ತೆ ಮರಿಯಾಗುವುದರಿಂದ ಐದಾರು ದಿನಗಳ ಅಂತರದಲ್ಲಿ ಎರಡು ಮೂರು ಬಾರಿ ಪುನರಾವರ್ತಿಸಬೇಕಾಗುತ್ತದೆ. ಅಡಿಗೆಗೆ ಕೀಳುವ ಸೊಪ್ಪು ತರಕಾರಿಯನ್ನು ಚೆನ್ನಾಗಿ ತೊಳೆಯಬೇಕು.

ಗಿಡಹೇನು ಅಲ್ಪಸ್ವಲ್ಪವಿದ್ದರೆ ಬರಿ ನೀರನ್ನು ರಭಸದಿಂದ ಹಾಯಿಸಿದರೂ ಉದುರಿಹೋಗುತ್ತದೆ. ಅದು ಸ್ರವಿಸುವ ಸಿಹಿದ್ರವಕ್ಕಾಗಿ ಇರುವೆಗಳು ಅದನ್ನು ಕಾವಲು ಕಾಯುತ್ತವೆ. ಇರುವೆಗಳ ಓಡಾಟವನ್ನು ತಡೆಯದೆ ಎಷ್ಟು ಸಿಂಪಡಿಸಿದರೂ ಪೀಡೆ ಮರಳುತ್ತದೆ.

ಮಿತಿಗಳು ಮತ್ತು ಎಚ್ಚರಿಕೆ

ಸಾಬೂನಿಗೆ ಮಿತ್ರಕೀಟ, ಶತ್ರುಕೀಟವೆಂಬ ಭೇದವಿಲ್ಲ. ಗುಲಗಂಜಿ ಹುಳುವಿನ ಮರಿಗಳು ಗಿಡಹೇನನ್ನು ತಿಂದು ಬದುಕುತ್ತವೆ, ಮೈ ಮೃದುವಾದ ಕಾರಣ ಅವೂ ಸಾಯುತ್ತವೆ. ಕ್ರಿಪ್ಟೋಲೀಮಸ್ ಎಂಬ ದುಂಬಿಯ ಮರಿಯಂತೂ ಬಿಳಿ ಮೇಣದ ಎಳೆಗಳಿಂದ ಮುಚ್ಚಿಕೊಂಡು ಹಿಟ್ಟುತಿಗಣೆಯಂತೆಯೇ ಕಾಣುತ್ತದೆ. 1898ರಲ್ಲಿ ಕಾಫಿಯ ಹಸಿರು ಶಲ್ಕಕೀಟದ ಹತೋಟಿಗಾಗಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಈ ದುಂಬಿಯು ಹಿಟ್ಟುತಿಗಣೆಯ ದೊಡ್ಡ ವೈರಿ. ತಿಗಣೆಗಿಂತ ದೊಡ್ಡದಾಗಿ, ಚುರುಕಾಗಿ ಓಡಾಡುವ ಬಿಳಿಹುಳು ಕಂಡರೆ ಸಿಂಪರಣೆ ನಿಲ್ಲಿಸುವುದು ಲೇಸು. ಜೇನ್ನೊಣ ಹಾರಾಡುವ ವೇಳೆಯಲ್ಲಿ ಹೂವಿಗೆ ಎರಚಬಾರದು.

ವ್ಯಾಪಕವಾಗಿ ಹಬ್ಬಿದ ಪೀಡೆಗೆ ಸಿಂಪರಣೆ ಸಾಲದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪಾಯ ಹಿಟ್ಟುತಿಗಣೆ ಪಪಾಯ, ಹಿಪ್ಪುನೇರಳೆ ಮುಂತಾದ ಬೆಳೆಗಳನ್ನು ಮುತ್ತಿ ಕರ್ನಾಟಕಕ್ಕೂ ಹಬ್ಬಿತು. ಅದನ್ನು ಅಡಗಿಸಿದ್ದು 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿ, ಬೆಂಗಳೂರಿನಲ್ಲಿ ಬೆಳೆಸಿ ಬಿಡುಗಡೆ ಮಾಡಿದ ಅಸಿರೋಫೇಗಸ್ ಎಂಬ ಪುಟ್ಟ ಪರಾವಲಂಬಿ ಕಣಜ.

ಸಸ್ಯಜನ್ಯವೆಂಬ ಕಾರಣಕ್ಕೆ ಈ ತೈಲಗಳು ನಿರಪಾಯಕಾರಿಯಲ್ಲ. ನೀಲಗಿರಿ ತೈಲವನ್ನು ಮಕ್ಕಳು ಅಲ್ಪಪ್ರಮಾಣದಲ್ಲಿ ನುಂಗಿದರೂ ಪ್ರಜ್ಞೆ ತಪ್ಪಬಹುದು, ಫಿಟ್ಸ್ ಬರಬಹುದು. ಬೇವಿನೆಣ್ಣೆ ಕುಡಿಸಿದ ಎಳೆಗೂಸುಗಳಲ್ಲಿ ವಾಂತಿ, ಫಿಟ್ಸ್ ಮತ್ತು ಮಿದುಳಿನ ತೀವ್ರ ತೊಂದರೆ ಉಂಟಾದುದು, ಕೆಲವು ಸಾವನ್ನಪ್ಪಿದುದು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಬೆಕ್ಕುಗಳ ಯಕೃತ್ತು ಸುಗಂಧ ತೈಲಗಳ ಘಟಕಗಳನ್ನು ಸುಲಭವಾಗಿ ವಿಸರ್ಜಿಸಲಾರದು, ತೈಲ ಬಿದ್ದ ಮೈಯನ್ನು ಅವು ನೆಕ್ಕಿಕೊಳ್ಳುತ್ತವೆ. ತೈಲದ ಶೀಶೆಗಳನ್ನು ಔಷಧದ ಶೀಶೆಗಳೊಡನೆ ಇಡದೆ, ಹೆಸರು ಬರೆದು ಮಕ್ಕಳ ಕೈಗೆಟುಕದಲ್ಲಿ ಇಡಬೇಕು.